ಒಂದೇ ಹೆಸರಿನ ಹಡಗುಗಳು

ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದು ನಮ್ಮಲ್ಲಿ ವಾಡಿಕೆ. ಹಾಯಿಹಡಗುಗಳ ಕಾಲದ ಯೂರೋಪಿನ ನೌಕಾಪಡೆಗಳಲ್ಲಿಯೂ ಇಂಥದೊಂದು ವಾಡಿಕೆಯಿತ್ತು. ಮುಳುಗಿದ ಅಥವಾ ಸೆರೆಸಿಕ್ಕ ಹಡಗಿನ ಹೆಸರು ಹೊಸದಾಗಿ ಕಟ್ಟಿದ ಹಡಗಿಗೆ ಬರುತ್ತಿತ್ತು. ಇನ್ನೊಂದು ವಿಚಿತ್ರವೂ ಇದಕ್ಕೆ ಸೇರಿಕೊಂಡಿತ್ತು. ಗೆದ್ದವರು ತಾವು ಹಿಡಿದ ಹಡಗಿನ ಹೆಸರನ್ನು ಅನೇಕ ವೇಳೆ ಬದಲಿಸುತ್ತಿರಲಿಲ್ಲ; ಶತ್ರುವಿಟ್ಟ ಹೆಸರೇ ಗೆಲುವಿನ ಗುರುತಾಗಿ ಉಳಿಯುತ್ತಿತ್ತು.

ಇದರ ಫಲವೇನಾಯಿತೆಂಬುದಕ್ಕೆ 1805ರ ಅಕ್ಟೋಬರ್ 21ರಂದು ಸ್ಪೇನಿನ ಟ್ರಫಾಲ್ಗರ್ ಭೂಶಿರದ ಬಳಿ ನಡೆದ ಕದನವೇ ಸಾಕ್ಷಿ. ನೆಲ್ಸನ್ನನ ಕೈಕೆಳಗೆ ಬ್ರಿಟನ್ನಿನ 27 ದೊಡ್ಡ ಯುದ್ಧನೌಕೆಗಳು. ಎದುರಿಗೆ ಫ್ರಾನ್ಸ್ ಮತ್ತು ಸ್ಪೇನ್ ದೇಶಗಳ 33. ರೋಮನ್ನರ ಸಮುದ್ರದೇವತೆ ನೆಪ್ಚೂನನ ಹೆಸರು ಹೊತ್ತ ಹಡಗು ಮೂರು ದೇಶಗಳಿಗೂ ಒಂದೊಂದಿತ್ತು. ಪಾಪ, ಆ ದೇವರು ಯಾರ ಪಕ್ಷ ವಹಿಸಬೇಕಿತ್ತೋ! ಗ್ರೀಕ್ ವೀರ ಅಕಿಲೀಸನ ಹೆಸರಿನ ‘ಅಷೀಲ್’ ಎರಡೂ ಕಡೆ ಇತ್ತು. 1794ರಲ್ಲಿ ಬ್ರಿಟಿಷರು ಆ ಹೆಸರಿನ ಫ್ರೆಂಚ್ ನೌಕೆಯೊಂದನ್ನು ಹಿಡಿದು ಹೆಸರನ್ನೂ ಉಳಿಸಿಕೊಂಡಿದ್ದರು. 1798ರ ಹೊಸ ನೌಕೆಗೂ ಅದನ್ನೇ ಇಟ್ಟಿದ್ದರು. ಅಂದು ಫ್ರೆಂಚರ ಅಷೀಲ್ ಬೆಂಕಿ ಹೊತ್ತಿ ಸಿಡಿದುಹೋಯಿತು. ಬ್ರಿಟಿಷರ ಅಷೀಲ್ ಉಳಿಯಿತು.

ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ‘ಸ್ವಿಫ್ಟ್‌ಷೂರ್’. 1787ರಲ್ಲಿ ಇಂಗ್ಲೆಂಡಿನಲ್ಲಿ ನೀರಿಗಿಳಿದ 74 ತೋಪುಗಳ ಈ ನೌಕೆ 1798ರ ನೈಲ್ ಕದನದಲ್ಲಿ ನೆಲ್ಸನ್ನನ ಪಕ್ಷದಲ್ಲಿ ಕಾದಿತು. ಅಲ್ಲಿ ಸಿಡಿದುಹೋದ ಫ್ರೆಂಚರ ನಾಯಕನೌಕೆ ‘ಲೋರಿಯಾಂ’ನ ಕೂವೆಮರದಿಂದ ಸ್ವಿಫ್ಟ್‌ಷೂರಿನ ಕಪ್ತಾನ ಹ್ಯಾಲೊವೆಲ್ ಒಂದು ಶವಪೆಟ್ಟಿಗೆ ಮಾಡಿಸಿ ನೆಲ್ಸನ್ನನಿಗೆ ಕಾಣಿಕೆಯಾಗಿ ಕೊಟ್ಟ. ನೆಲ್ಸನ್ ಅದನ್ನು ಜೋಪಾನವಾಗಿ ಇಟ್ಟುಕೊಂಡ. 1801ರ ಜೂನಿನಲ್ಲಿ ಸ್ವಿಫ್ಟ್‌ಷೂರ್ ಫ್ರೆಂಚರ ವಶವಾಯಿತು, ಹೆಸರು ಬದಲಾಗಲಿಲ್ಲ. ಬ್ರಿಟಿಷರು ಅದೇ ಹೆಸರಿನ ಬೇರೊಂದು ನೌಕೆಯನ್ನು ಕಟ್ಟಿ 1804ರಲ್ಲಿ ನೀರಿಗಿಳಿಸಿದರು. ಹೀಗಾಗಿ ಟ್ರಫಾಲ್ಗರಿನಲ್ಲಿ ಆ ಹೆಸರು ಎರಡು ಬಾವುಟಗಳ ಕೆಳಗಿತ್ತು. ಅಂದು ನೆಲ್ಸನ್ ಗುಂಡೇಟಿನಿಂದ ಸತ್ತ. 1806ರ ಜನವರಿಯಲ್ಲಿ ಲಂಡನ್ನಿನಲ್ಲಿ ಅವನನ್ನು ಸಮಾಧಿ ಮಾಡಿದ್ದು ಹ್ಯಾಲೊವೆಲ್ ಕೊಟ್ಟ ಪೆಟ್ಟಿಗೆಯಲ್ಲೇ. ಆ ಕಾಣಿಕೆ ಯಾವ ಹಡಗಿನಿಂದ ಬಂದಿತ್ತೋ ಆ ಹಡಗು ಅವನು ಸತ್ತ ದಿನ ಶತ್ರುಗಳ ಸಾಲಿನಲ್ಲಿ ನಿಂತಿತ್ತು!

ಆ ದಿನವೇ ಬ್ರಿಟಿಷರು ಹಳೆಯ ಸ್ವಿಫ್ಟ್‌ಷೂರನ್ನು ಮರಳಿ ಗೆದ್ದರು. ಆದರೆ ಮನೆಯಲ್ಲಿ ಅದರ ಸ್ಥಾನ ತುಂಬಿಹೋಗಿತ್ತು. ಒಂದೇ ಪಡೆಯಲ್ಲಿ ಎರಡು ಸ್ವಿಫ್ಟ್‌ಷೂರುಗಳಿದ್ದರೆ ಆಜ್ಞೆ ಯಾವುದಕ್ಕೆ, ಸಂಬಳ ಯಾವುದಕ್ಕೆ? ನೈಲಿನಲ್ಲಿ ಹೋರಾಡಿದ ಹಿರಿಯ ನೌಕೆಯೇ ಹೆಸರು ಬಿಟ್ಟುಕೊಡಬೇಕಾಯಿತು. ‘ಇರ್ರೆಸಿಸ್ಟಿಬಲ್’ ಎಂಬ ಹೊಸ ಹೆಸರು ಹೊತ್ತು, ಚ್ಯಾಥಮಿನಲ್ಲಿ ಕೈದಿಗಳನ್ನು ಇಡುವ ಸೆರೆಮನೆಯಾಗಿ, ಅದು 1816ರಲ್ಲಿ ಒಡೆಯಲ್ಪಟ್ಟಿತು.

ಬ್ರಿಟಿಷ್ ನೌಕಾಪಡೆಯಲ್ಲಿ ಕದನದ ಕೀರ್ತಿ ಸಲ್ಲುವುದು ಹೆಸರಿಗೆ. ಆ ಹೆಸರಿನ ಮುಂದಿನ ಹಡಗಿಗೆ ಅದು ಪಿತ್ರಾರ್ಜಿತ. ಏಟು ತಿಂದ ಮರಕ್ಕೆ, ಆ ಮರದ ಮೇಲೆ ನಿಂತು ಸತ್ತವರಿಗೆ, ಈ ಲೆಕ್ಕದಲ್ಲಿ ಎಷ್ಟು ಪಾಲು ಎಂದು ನಾನು ಕೇಳಿಕೊಳ್ಳುತ್ತೇನೆ. 1971ರಲ್ಲಿ ಬ್ರಿಟನ್ ಒಂದು ಅಣುಶಕ್ತಿಯ ಜಲಾಂತರ್ಗಾಮಿಯನ್ನು ನೀರಿಗಿಳಿಸಿತು. ಅದರಲ್ಲಿ ಹಾಯಿಯಿರಲಿಲ್ಲ, ಕೂವೆಮರವಿರಲಿಲ್ಲ. ಹೆಸರು ಮಾತ್ರ ಸ್ವಿಫ್ಟ್‌ಷೂರ್.