ಕಪ್ಪು ಎಲೆಯ ರುಚಿ, ಸುತ್ತಿದ ಕೈಯ ಚರಿತ್ರೆ

ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ಸಿನಿಮಾದಲ್ಲಿ ಸಾಹುಕಾರರ ಬಾಯಲ್ಲಿ ಸಿಗಾರ್ ನೋಡಿರ್ತೀರಿ. ಹೊರಗಿನ ಎಲೆ ಕಪ್ಪಗಿರೋ ಸಿಗಾರಿಗೆ 'ಮಡೂರೊ' ಅಂತಾರೆ. ಸ್ಪ್ಯಾನಿಷ್‌ನಲ್ಲಿ 'ಮಾಗಿದ್ದು' ಅಂತ ಅರ್ಥ. ಒಣಗಿದ ಹೊಗೆಸೊಪ್ಪನ್ನು ತೇವ ಮಾಡಿ ರಾಶಿ ಹಾಕ್ತಾರೆ. ನಮ್ಮ ತಿಪ್ಪೆ ಒಳಗೆ ಬಿಸಿ ಏರುತ್ತಲ್ಲ, ಹಾಗೇ ಆ ರಾಶಿಯೂ ಕಾಯುತ್ತೆ. ಬಿಸಿ ಜಾಸ್ತಿ ಆದಾಗ ಒಡೆದು ತಿರುವಿ ಹಾಕ್ತಾರೆ. ತಿಂಗಳುಗಟ್ಟಲೆ ಹೀಗೆ ಮಾಡಿದರೆ ಘಾಟು ಇಳಿದು ಬಣ್ಣ ಗಾಢವಾಗುತ್ತೆ.

ಸೇದೋಕೂ ಶಾಸ್ತ್ರ ಇದೆ. ಹೊಗೆ ಎದೆಗೆ ಎಳೀಬಾರದು, ಬಾಯಲ್ಲೇ ಆಡಿಸಿ ಬಿಡಬೇಕು. ಅವಸರ ಮಾಡಿದರೆ ಕಹಿ, ಅದಕ್ಕೇ ನಿಮಿಷಕ್ಕೊಂದು ದಮ್ಮು. ಹುರಿದ ಕಾಫಿ ಬೀಜ, ಕೋಕೋ, ಕಾಳುಮೆಣಸು, ಕೊನೆಗೆ ಬೆಲ್ಲದ ಪಾಕದಂಥ ಸಿಹಿ ಅಂತ ವರ್ಣಿಸ್ತಾರೆ. ಬೂದಿ ಎಷ್ಟು ಉದ್ದ ನಿಂತಿತು ಅನ್ನೋದನ್ನೂ ಹೊಗಳ್ತಾರೆ. ಇಷ್ಟೆಲ್ಲ ವರ್ಣನೆಯಲ್ಲಿ ಆ ಎಲೆ ಸುತ್ತಿದ ಕೈ ಮಾತ್ರ ಕಾಣಲ್ಲ. ನಾನು ಹೇಳಬೇಕಾಗಿರೋದು ಆ ಕೈ ಬಗ್ಗೆ.

1492ರಲ್ಲಿ ಕೊಲಂಬಸ್‌ನ ಜನ ಕ್ಯೂಬಾದಲ್ಲಿ ಮೂಲನಿವಾಸಿಗಳು ಎಲೆ ಸುರುಳಿ ಸುತ್ತಿ ಸೇದೋದು ಕಂಡರು. ಆಮೇಲೆ ಆ ನೆಲ ಮೂಲನಿವಾಸಿಗಳ ಕೈತಪ್ಪಿತು. ಆಫ್ರಿಕಾದಿಂದ ಹಿಡಿದು ತಂದ ಕಪ್ಪು ಜನ ಅಲ್ಲಿ ಗುಲಾಮರಾಗಿ ದುಡಿದರು. ಗುಲಾಮಗಿರಿ ಮುಗಿದದ್ದು 1886ರಲ್ಲಿ. ಎಲೆ ಕಪ್ಪಾದರೆ 'ಮಾಗಿದ್ದು', ಮನುಷ್ಯ ಕಪ್ಪಾದರೆ ಮಾರಾಟದ ಸರಕು. ಇದು ಅವರ ರುಚಿ.

1865ರಲ್ಲಿ ಹವಾನಾದ ಎಲ್ ಫಿಗಾರೊ ಕಾರ್ಖಾನೆಯಲ್ಲಿ ಒಂದು ಹೊಸ ಪದ್ಧತಿ ಶುರುವಾಯ್ತು. ಕಾರ್ಮಿಕರು ಸಿಗಾರ್ ಸುತ್ತುತ್ತಾ ಕೂತಿದ್ದರೆ ಒಬ್ಬರು ಗಟ್ಟಿಯಾಗಿ ಪತ್ರಿಕೆ, ಪುಸ್ತಕ ಓದಿ ಹೇಳೋದು. ಓದುವವರಿಗೆ ಸಂಬಳ ಕಾರ್ಮಿಕರದ್ದೇ ಜೇಬಿನಿಂದ. ಮರುವರ್ಷವೇ ಸರ್ಕಾರ ಇದನ್ನು ನಿಷೇಧಿಸಿತು. ಯಾಕೆ? ಓದು ಕೇಳಿದ ಕೈ ನ್ಯಾಯ ಕೇಳುತ್ತೆ! ಆದರೂ ಓದು ಮತ್ತೆ ಬಂತು. 1935ರಲ್ಲಿ ಬಂದ ಪ್ರಸಿದ್ಧ ಸಿಗಾರ್ 'ಮಾಂಟೆಕ್ರಿಸ್ಟೊ'ಗೆ ಡ್ಯೂಮಾ ಬರೆದ ಕಾದಂಬರಿಯ ಹೆಸರು. ಆ ಡ್ಯೂಮಾನ ಅಜ್ಜಿ ಇವತ್ತಿನ ಹೈಟಿಯಲ್ಲಿ ಗುಲಾಮಳಾಗಿದ್ದ ಕಪ್ಪು ಹೆಂಗಸು.

ಈಗ ನಮ್ಮ ಕಡೆಗೆ ಬರೋಣ. ಅಕ್ಬರನ ದರ್ಬಾರಿಗೆ ಹೊಗೆಸೊಪ್ಪು ಹೋಗಿದ್ದು ನಮ್ಮ ಬಿಜಾಪುರದಿಂದ. ಅಸದ್ ಬೇಗ್ ಅನ್ನೋ ಅಧಿಕಾರಿ 1600ರ ದಶಕದ ಮೊದಲ ವರ್ಷಗಳಲ್ಲಿ ಅಲ್ಲಿ ಕಂಡು ಒಯ್ದು ಕೊಟ್ಟ. ದೊರೆ ಸೇದಿದ್ದು ಚರಿತ್ರೆಯಾಯ್ತು, ಬೆಳೆದವರ ಹೆಸರು ಬರೆದಿಡಲಿಲ್ಲ.

ಸಿಗಾರ್ ಸಾಹೇಬರಿಗಾದರೆ ಬಡವರಿಗೆ ಬೀಡಿ. ಮಧ್ಯಭಾರತದ ಕಾಮಠಿ, ನಾಗಪುರ, ಗೊಂದಿಯಾ ಕಡೆ ಬೀಡಿ ಕಟ್ಟುತ್ತಿದ್ದವರಲ್ಲಿ ನಮ್ಮ ಮಹಾರ್ ಬಂಧುಗಳು ಬಹಳ. ಬೀಡಿ ಎಲೆಯನ್ನು ಮೊದಲು ನೀರಲ್ಲಿ ನೆನೆಸಬೇಕು, ಆಮೇಲೆ ಕತ್ತರಿಸಿ ಪುಡಿ ತುಂಬಿ ಸುತ್ತಬೇಕು. ಯೋಚನೆ ಮಾಡಿ: ಕುಡಿಯೋ ನೀರಿಗಾಗಿ 1927ರಲ್ಲಿ ಬಾಬಾಸಾಹೇಬರು ಮಹಾಡ್‌ನ ಚೌದಾರ್ ಕೆರೆಗೆ ಇಳಿಯಬೇಕಾಯ್ತು. ನಾವು ಮುಟ್ಟಿದ ನೀರು ಮೈಲಿಗೆ. ಅದೇ ನೀರಲ್ಲಿ ನೆನೆದು, ನಮ್ಮ ಬೆರಳು ಸುತ್ತಿದ ಬೀಡಿ ಎಲ್ಲ ಜಾತಿಯ ತುಟಿಗೂ ಏರುತ್ತಿತ್ತು. ಕೊಳ್ಳೋಕೆ ಲಾಭ ಇದ್ದ ಕಡೆ ಮೈಲಿಗೆಗೆ ರಜೆ!

ಆ ಬೀಡಿ ಕಾರ್ಮಿಕರನ್ನು ಸಂಘಟಿಸಿದವರು ಕಾಮಠಿಯ ಬಾಬು ಹರದಾಸ್. ಹುಟ್ಟಿದ್ದು 1904ರಲ್ಲಿ. 1937ರಲ್ಲಿ ಅಂಬೇಡ್ಕರರ ಸ್ವತಂತ್ರ ಕಾರ್ಮಿಕ ಪಕ್ಷದಿಂದ ಶಾಸಕರಾದರು. 1939ರಲ್ಲಿ ಕ್ಷಯದಿಂದ ತೀರಿಕೊಂಡರು, ಇನ್ನೂ 35 ವರ್ಷ. ನಾವು ದಿನಾ ಹೇಳೋ 'ಜೈಭೀಮ್' ಅನ್ನೋ ನಮಸ್ಕಾರ ಚಾಲ್ತಿಗೆ ತಂದವರು ಇವರೇ ಅಂತ ಚಳವಳಿ ನೆನೆಯುತ್ತದೆ.

1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾನೂನು ಬಂತು. ಗಮನಿಸಿ, ಸಾಹೇಬರ ಸಿಗಾರಿಗೂ ಬಡವರ ಬೀಡಿಗೂ ಒಂದೇ ಕಾನೂನು. ಮನೆಯಲ್ಲಿ ಕೂತು ಕಟ್ಟುವ ಹೆಂಗಸರೂ ಅದರಡಿ ಕಾರ್ಮಿಕರೇ. ಜಾರಿ ಮಾಡೋ ಹೊತ್ತಿಗೆ, 1968ರಲ್ಲಿ, ಮಂಗಳೂರು ಗಣೇಶ್ ಬೀಡಿ ಕಂಪನಿ ಕಣ್ಣೂರಿನ ಕೆಲಸ ನಿಲ್ಲಿಸಿತು. ಸಾವಿರಾರು ಜನ ಬೀದಿಗೆ ಬಿದ್ದರು. ಅವರೇ 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿದರು. ಅಲ್ಲೂ ಕೆಲಸದ ನಡುವೆ ಪತ್ರಿಕೆ ಓದಿ ಹೇಳೋ ಪದ್ಧತಿ ಇತ್ತು, ಹವಾನಾದ ಹಾಗೇ. ಕಂಪನಿ ಕೋರ್ಟಿಗೂ ಹೋಯ್ತು. 1974ರಲ್ಲಿ ಸುಪ್ರೀಂ ಕೋರ್ಟ್ ಕಾನೂನು ಸರಿ ಅಂತು.

ನಾನು ಹೊಗೆಸೊಪ್ಪಿನ ಪರ ಇಲ್ಲ. ಸಿಗಾರ್ ಆಗಲಿ ಬೀಡಿ ಆಗಲಿ ಕ್ಯಾನ್ಸರೇ. ಆದರೆ ತುಮಕೂರಿನ ಗಲ್ಲಿಗಳಲ್ಲಿ ಮೊರ ತೊಡೆ ಮೇಲಿಟ್ಟುಕೊಂಡು ಬೀಡಿ ಕಟ್ಟುವ ಮುಸ್ಲಿಂ ತಾಯಂದಿರಿಗೆ ಬೇರೆ ಕೆಲಸ ಕೊಡದೆ, ಕೂಲಿಯೂ ಸರಿಯಾಗಿ ಕೊಡದೆ ಬರೀ ಆರೋಗ್ಯದ ಪಾಠ ಹೇಳೋದು ಅನ್ಯಾಯ. 1966ರ ಕಾನೂನನ್ನೂ 2020ರ ಕಾರ್ಮಿಕ ಸಂಹಿತೆಯೊಳಗೆ ಸೇರಿಸಿಬಿಟ್ಟಿದ್ದಾರೆ. ಅವರ ಹಕ್ಕು ಎಷ್ಟು ಉಳಿಯಿತು ಅಂತ ಕೇಳೋರು ಬೇಕು.

ಕೊಳಾಲ, ಕೊರಟಗೆರೆ, ಮಧುಗಿರಿ, ಸಿರಾ, ಪಾವಗಡದ ಗೆಳೆಯರಲ್ಲಿ ಒಂದು ಕೋರಿಕೆ. ನಿಮ್ಮೂರಲ್ಲಿ ಬೀಡಿ ಕಟ್ಟಿದ ಹಿರಿಯರು ಯಾರಾದರೂ ಇದ್ದರೆ ಹೋಗಿ ಮಾತಾಡಿಸಿ. ಸಾವಿರಕ್ಕೆ ಎಷ್ಟು ಕೊಡ್ತಿದ್ರು, ಎಷ್ಟು ತಿರಸ್ಕಾರ ಮಾಡ್ತಿದ್ರು, ಕಾರ್ಡ್ ಕೊಟ್ಟಿದ್ರಾ ಅಂತ ಕೇಳಿ ಬರೆದಿಡಿ. ದೊರೆ ಸೇದಿದ್ದನ್ನು ಅವರು ಬರೆದುಕೊಂಡರು. ನಮ್ಮವರು ಸುತ್ತಿದ್ದನ್ನು ನಾವೇ ಬರೀಬೇಕು.

ಜೈಭೀಮ್.