ಬೆನ್ನಟ್ಟಿದರೂ ಸಿಗದ ಸುಂಟರಗಾಳಿ

1925ರ ಮಾರ್ಚ್ 18ರಂದು ಅಮೆರಿಕದ ಮಿಸೌರಿಯಲ್ಲಿ ಹುಟ್ಟಿದ ಸುಂಟರಗಾಳಿಯೊಂದು ಇಲಿನಾಯ್ ರಾಜ್ಯವನ್ನು ಹಾದು ಇಂಡಿಯಾನಾದಲ್ಲಿ ಅಡಗಿತು. ಸುಮಾರು 350 ಕಿಮೀ ದಾರಿಯನ್ನು ಅದು ಕ್ರಮಿಸಿದ್ದು ಮೂರೂವರೆ ಗಂಟೆಯಲ್ಲಿ. ಅಂದರೆ ಸರಾಸರಿ ವೇಗ ಗಂಟೆಗೆ 100 ಕಿಮೀ! ಸತ್ತವರು 695 ಮಂದಿ. ಇದು ಸುಂಟರಗಾಳಿಯೊಳಗೆ ಸುತ್ತುವ ಗಾಳಿಯ ವೇಗವಲ್ಲ, ಅದು ನೆಲದ ಮೇಲೆ ಸಾಗಿದ ವೇಗ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ವಸಂತದ ಆರಂಭದ ಗುಡುಗು ಮೋಡಗಳಿಗೆ ಇಷ್ಟು ಅವಸರವೇಕೆ? ಮಾರ್ಚ್‌ನಲ್ಲಿ ಕೆನಡಾದ ಕಡೆ ಇನ್ನೂ ಹಿಮ, ಮೆಕ್ಸಿಕೋ ಕೊಲ್ಲಿಯ ಕಡೆ ಆಗಲೇ ಬೆಚ್ಚನೆಯ ಗಾಳಿ. ಉತ್ತರ-ದಕ್ಷಿಣಗಳ ಉಷ್ಣತೆಯ ಅಂತರ ಹೆಚ್ಚಿದಷ್ಟೂ ಮೇಲ್‌ಸ್ತರಗಳ ಪಡುವಣ ಗಾಳಿ ಬಲಗೊಳ್ಳುತ್ತದೆ. ಮೋಡವು ತಾನು ಚಾಚಿರುವ ಸ್ತರಗಳ ಸರಾಸರಿ ಗಾಳಿಯೊಡನೆ ಹೆಚ್ಚುಕಡಿಮೆ ತೇಲಿಹೋಗುತ್ತದೆ. ಜೂನ್ ವೇಳೆಗೆ ಈ ಅಂತರ ತಗ್ಗಿ ಜೆಟ್ ಪ್ರವಾಹ ಉತ್ತರಕ್ಕೆ ಸರಿಯುವುದರಿಂದ ಮೋಡಗಳ ನಡಿಗೆ ನಿಧಾನವಾಗುತ್ತದೆ.

1972ರಲ್ಲಿ ಒಕ್ಲಹೋಮದ ನಾರ್ಮನ್‌ನಲ್ಲಿರುವ ರಾಷ್ಟ್ರೀಯ ತೀವ್ರ ಬಿರುಗಾಳಿ ಪ್ರಯೋಗಾಲಯವೂ ಒಕ್ಲಹೋಮ ವಿಶ್ವವಿದ್ಯಾಲಯವೂ ಸೇರಿ ಸುಂಟರಗಾಳಿಗಳನ್ನು ಬೆನ್ನಟ್ಟುವ ಯೋಜನೆ ಆರಂಭಿಸಿದವು. ಮರುವರ್ಷ ಯೂನಿಯನ್ ಸಿಟಿಯ ಸುಂಟರಗಾಳಿಯನ್ನು ಈ ತಂಡ ಚಿತ್ರೀಕರಿಸಿತು. ಅದೇ ಮೋಡದ ಒಳಸುಳಿಯನ್ನು ನಾರ್ಮನ್‌ನ ಡಾಪ್ಲರ್ ರೇಡಾರ್ ದಾಖಲಿಸಿತು. ಎರಡನ್ನೂ ಹೋಲಿಸಿದಾಗ, ಸುಂಟರಗಾಳಿ ನೆಲ ಮುಟ್ಟುವ ಮೊದಲೇ ರೇಡಾರಿನಲ್ಲಿ ಅದರ ಗುರುತು ಮೂಡಿದ್ದು ಸ್ಪಷ್ಟವಾಯಿತು. ಆದರೆ ಆ ದಿನ ಮೇ 24. ವಸಂತ ಮುಗಿಯುತ್ತ ಬಂದಿತ್ತು.

ಮಾರ್ಚ್‌ನ ಕಥೆಯೇ ಬೇರೆ. ಸರಳ ಸದಿಶ ಲೆಕ್ಕವೊಂದನ್ನು ನೋಡೋಣ. ಮೋಡ ಗಂಟೆಗೆ 80 ಕಿಮೀ ವೇಗದಲ್ಲಿ ಈಶಾನ್ಯಕ್ಕೆ ಸಾಗುತ್ತಿದೆ, ಕಾರಿನ ವೇಗ 100 ಕಿಮೀ ಎಂದುಕೊಳ್ಳಿ. ಸುಲಭವಾಗಿ ಹಿಡಿಯಬಹುದಲ್ಲ ಎನಿಸುತ್ತದೆ. ಆದರೆ ಅಲ್ಲಿನ ಬಯಲು ಸೀಮೆಯ ಹಳ್ಳಿ ರಸ್ತೆಗಳು ಚದುರಂಗದ ಮಣೆಯ ಗೆರೆಗಳಂತೆ ಉತ್ತರ-ದಕ್ಷಿಣ, ಪೂರ್ವ-ಪಶ್ಚಿಮವಾಗಿ ಹಾಸಿವೆ. ಆದ್ದರಿಂದ ಈಶಾನ್ಯ ದಿಕ್ಕಿನಲ್ಲಿ ಕಾರಿಗೆ ದಕ್ಕುವ ವೇಗ 100ನ್ನು 2ರ ವರ್ಗಮೂಲದಿಂದ ಭಾಗಿಸಿದಷ್ಟು, ಅಂದರೆ 71 ಕಿಮೀ ಮಾತ್ರ. ಗಂಟೆಗೆ 9 ಕಿಮೀ ಹಿಂದೆ ಬಿದ್ದಂತೆಯೇ! ಜೊತೆಗೆ ಮಾರ್ಚ್‌ನಲ್ಲಿ ಹೊತ್ತು ಬೇಗ ಮುಳುಗುತ್ತದೆ. ಎಷ್ಟೋ ದಿನ ಕೊಲ್ಲಿಯ ತೇವಾಂಶ ಸಾಕಷ್ಟು ಬಂದಿರುವುದಿಲ್ಲ.

ಮುಂದೆ ಹೋಗಿ ಕಾಯುವುದೂ ಕಷ್ಟವೆಂಬುದನ್ನು 'ಟೋಟೊ' ತೋರಿಸಿತು. ಇದು ಗಾಳಿ, ಒತ್ತಡ, ಉಷ್ಣತೆಗಳನ್ನು ಅಳೆಯುವ ಉಪಕರಣಗಳನ್ನು ಹೊತ್ತ ಭಾರಿ ಪೀಪಾಯಿ. ಬೆಡಾರ್ಡ್ ಮತ್ತು ರಾಮ್ಝಿ ಎಂಬವರು ಇದನ್ನು ರೂಪಿಸಿದರು. ಪಿಕಪ್ ವಾಹನದಲ್ಲಿ ಒಯ್ದು, ಸುಂಟರಗಾಳಿಯ ದಾರಿಯಲ್ಲಿ ಇಳಿಸಿ, ತಪ್ಪಿಸಿಕೊಂಡು ಬರಬೇಕಿತ್ತು. ಮೋಡ 80 ಕಿಮೀ ವೇಗದಲ್ಲಿ ಬರುತ್ತಿದ್ದರೆ 5 ಕಿಮೀ ಅಂತರವಿದ್ದರೂ ಸಿಗುವುದು ನಾಲ್ಕು ನಿಮಿಷಕ್ಕಿಂತ ಕಡಿಮೆ. 1981ರಿಂದ ಹಲವು ವಸಂತಗಳಲ್ಲಿ ಪ್ರಯತ್ನ ನಡೆಯಿತು. 1984ರ ಏಪ್ರಿಲ್ 29ರಂದು ಆರ್ಡ್‌ಮೋರ್ ಬಳಿ ದುರ್ಬಲ ಸುಂಟರಗಾಳಿಯೊಂದರ ಅಂಚು ಸೋಕಿತು. ಗುರುತ್ವ ಕೇಂದ್ರ ಎತ್ತರದಲ್ಲಿದ್ದ ಟೋಟೊ ಉರುಳಿಬಿತ್ತು. 1987ರ ನಂತರ ಅದನ್ನು ಕೈಬಿಟ್ಟರು.

ನಂತರದ 'ವೋರ್ಟೆಕ್ಸ್' ಯೋಜನೆಗಳೂ ನಿರಾಶೆಯನ್ನು ಕಂಡವು. 2009ರಲ್ಲಿ ಹತ್ತಾರು ವಾಹನಗಳೊಂದಿಗೆ ಹೊರಟ ಎರಡನೆಯ ವೋರ್ಟೆಕ್ಸ್‌ಗೆ ಆ ವರ್ಷ ಸಿಕ್ಕ ಸುಂಟರಗಾಳಿ ಒಂದೇ, ಜೂನ್ 5ರಂದು, ವಯೋಮಿಂಗ್‌ನಲ್ಲಿ. ಹಾಗೆಂದು ಬರಿಗೈಯ ದಿನಗಳೆಲ್ಲ ವ್ಯರ್ಥವಲ್ಲ. ಸುಂಟರಗಾಳಿ ಹುಟ್ಟಿಸುವ ಮೋಡಗಳ ಹಿಂಬದಿಯಲ್ಲಿ ಇಳಿಯುವ ಗಾಳಿ ಸಾಮಾನ್ಯವಾಗಿ ಅಷ್ಟು ತಣ್ಣಗಿರುವುದಿಲ್ಲ ಎಂಬ ಮುಖ್ಯ ಸಂಗತಿ ತಿಳಿದದ್ದು, ಸುಂಟರಗಾಳಿ ಹುಟ್ಟಿಸದ ಮೋಡಗಳನ್ನೂ ಅಳೆದು ಹೋಲಿಸಿದ್ದರಿಂದ. ನನ್ನ ದೃಷ್ಟಿಯಲ್ಲಿ ನಿಜವಾದ ಕೊರತೆ ಬೇರೆಯದು. ನಮ್ಮ ಜ್ಞಾನದ ಬಹುಪಾಲು ಮೇ-ಜೂನ್‌ನ ಬಯಲು ಸೀಮೆಯಿಂದ ಬಂದದ್ದು. ಮಾರ್ಚ್-ಏಪ್ರಿಲ್‌ನಲ್ಲಿ, ಎಷ್ಟೋ ಸಲ ರಾತ್ರಿ, ಅಲಬಾಮಾ-ಮಿಸಿಸಿಪ್ಪಿಗಳ ಕಾಡುಗುಡ್ಡಗಳ ನಡುವೆ ಧಾವಿಸಿ ಜನರನ್ನು ಕೊಲ್ಲುವ ಸುಂಟರಗಾಳಿಗಳ ಅಧ್ಯಯನ ಹಿಂದೆ ಉಳಿಯಿತು.

2016ರಲ್ಲಿ ಆರಂಭವಾದ 'ವೋರ್ಟೆಕ್ಸ್-ಎಸ್‌ಇ' ಮತ್ತು 2022-23ರ 'ಪೆರಿಲ್ಸ್' ಯೋಜನೆಗಳು ಆಗ್ನೇಯ ರಾಜ್ಯಗಳನ್ನೇ ಆರಿಸಿಕೊಂಡವು. ಅಲ್ಲಿ ವಿಜ್ಞಾನಿಗಳು ಮೋಡದ ಹಿಂದೆ ಓಡಲಿಲ್ಲ. ಮುನ್ಸೂಚನೆ ನೋಡಿ, ಸಂಚಾರಿ ರೇಡಾರ್‌ಗಳನ್ನೂ ಹವಾಮಾಪಕಗಳನ್ನೂ ಮೊದಲೇ ನೆಲೆಗೊಳಿಸಿ, ಮೋಡಗಳು ತಮ್ಮ ಮೇಲೆ ಹಾದುಹೋಗುವುದನ್ನು ಕಾದು ಕುಳಿತರು.