ಸಾಫ್ಟ್‌ವೇರ್‌ನಲ್ಲಿ ಫೋಟೋ ಕಾಣಿಸುತ್ತಿಲ್ಲವೇ? ಫಾರ್ಮ್ಯಾಟ್ ಮಾಡಿಸುವ ಮೊದಲು ಇಷ್ಟು ನೋಡಿ

ಅಂಗಡಿಯ ಬಿಲ್ಲಿಂಗ್ ಸಾಫ್ಟ್‌ವೇರ್ ತೆರೆದರೆ ಐಟಂ ಹೆಸರು, ರೇಟು, ಸ್ಟಾಕ್ ಎಲ್ಲಾ ಸರಿ ಉಂಟು. ಫೋಟೋದ ಜಾಗ ಮಾತ್ರ ಖಾಲಿ. ಬಿಲ್ಲಿನಲ್ಲಿ ಅಂಗಡಿಯ ಲೋಗೋ ಬರುವುದಿಲ್ಲ. ಸಂಘದ ಸದಸ್ಯರ ಪಟ್ಟಿಯಲ್ಲಿ ಮುಖದ ಬದಲು ಕೆಂಪು ಇಂಟು ಮಾರ್ಕ್. ಹೀಗಾದಾಗ ನಮ್ಮಲ್ಲಿ ಹೆಚ್ಚಿನವರು ಸಾಫ್ಟ್‌ವೇರ್ ತೆಗೆದು ಪುನಃ ಹಾಕಿಸುತ್ತಾರೆ, ಅದರಲ್ಲೂ ಆಗದಿದ್ದರೆ ಕಂಪ್ಯೂಟರನ್ನೇ ಫಾರ್ಮ್ಯಾಟ್ ಮಾಡಿಸಿ ಬಿಡ್ತಾರೆ. ಹೆಚ್ಚಿನ ಸಲ ಅದರ ಅಗತ್ಯವೇ ಇರುವುದಿಲ್ಲ. ಯಾವುದೋ ಫೋಲ್ಡರ್‌ನಲ್ಲಿ ಭದ್ರವಾಗಿದ್ದ ಫೋಟೋಗಳು ಫಾರ್ಮ್ಯಾಟ್‌ನಿಂದಾಗಿಯೇ ಹೋಗುವ ಅಪಾಯವೂ ಉಂಟು.

ಫೋಟೋ ಇರುವುದು ಎಲ್ಲಿ?

ಸಾಫ್ಟ್‌ವೇರ್‌ಗಳು ಚಿತ್ರವನ್ನು ಎರಡು ರೀತಿಯಲ್ಲಿ ಇಟ್ಟುಕೊಳ್ಳುತ್ತವೆ. ಒಂದು, ಚಿತ್ರವನ್ನೇ ತನ್ನ ಫೈಲಿನೊಳಗೆ ಸೇರಿಸಿಕೊಳ್ಳುವುದು. ಇನ್ನೊಂದು, ಚಿತ್ರ ಎಲ್ಲಿದೆ ಎಂಬ ವಿಳಾಸವನ್ನು ಮಾತ್ರ ಬರೆದಿಟ್ಟುಕೊಳ್ಳುವುದು. ಈ ವಿಳಾಸಕ್ಕೆ ಪಾತ್ ಅಂತ ಹೇಳ್ತಾರೆ. ಅನೇಕ ಬಿಲ್ಲಿಂಗ್ ಸಾಫ್ಟ್‌ವೇರ್‌ಗಳು ಮಾಡುವುದು ಎರಡನೆಯದನ್ನು. ವರ್ಡ್‌ನಲ್ಲಿ ಲಿಂಕ್ ಟು ಫೈಲ್ ಎಂದು ಹಾಕಿದ ಚಿತ್ರವೂ ಹೀಗೆಯೇ. ಮನೆ ಬದಲಾಯಿಸಿದವರಿಗೆ ಹಳೇ ವಿಳಾಸಕ್ಕೆ ಪತ್ರ ಹಾಕಿದರೆ ಹೇಗೆ ಸಿಗುವುದಿಲ್ಲವೋ, ಫೋಟೋ ಜಾಗ ಬದಲಾಯಿಸಿದರೆ ಸಾಫ್ಟ್‌ವೇರ್‌ಗೂ ಸಿಗುವುದಿಲ್ಲ.

ಮೊದಲು ಗಮನಿಸಬೇಕಾದದ್ದು

- ಎಲ್ಲಾ ಫೋಟೋಗಳೂ ಒಟ್ಟಿಗೆ ಮಾಯವಾಗಿದ್ದರೆ: ಫೋಲ್ಡರ್ ಅಥವಾ ಡ್ರೈವ್‌ನ ವಿಳಾಸ ಬದಲಾಗಿರಬಹುದು.
- ಹೊಸದಾಗಿ ಹಾಕಿದವು ಮಾತ್ರ ಬರದಿದ್ದರೆ: ಚಿತ್ರದ ಫಾರ್ಮ್ಯಾಟ್ ಅಥವಾ ಫೈಲಿನ ಹೆಸರು ನೋಡಿ.
- ಒಂದು ಕಂಪ್ಯೂಟರ್‌ನಲ್ಲಿ ಬಂದು ಇನ್ನೊಂದರಲ್ಲಿ ಬರದಿದ್ದರೆ: ನೆಟ್‌ವರ್ಕ್ ಅಥವಾ ಪರ್ಮಿಷನ್ ನೋಡಿ.

ವಿಳಾಸ ತಪ್ಪಿದಾಗ

ಫೋಟೋ ಪೆನ್‌ಡ್ರೈವ್‌ನಲ್ಲಿದ್ದರೆ ಇವತ್ತು ಇ ಡ್ರೈವ್ ಇದ್ದದ್ದು ನಾಳೆ ಎಫ್ ಆಗಬಹುದು. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಹಳೇ ಅಕ್ಷರವನ್ನೇ ಪುನಃ ಕೊಡಬಹುದು.

ಒನ್‌ಡ್ರೈವ್ ಬ್ಯಾಕಪ್ ಆನ್ ಮಾಡಿದರೆ ಡೆಸ್ಕ್‌ಟಾಪ್, ಪಿಕ್ಚರ್ಸ್ ಫೋಲ್ಡರ್‌ಗಳು ಒನ್‌ಡ್ರೈವ್ ಫೋಲ್ಡರ್‌ನ ಒಳಗೆ ಹೋಗುತ್ತವೆ. ಕಣ್ಣಿಗೆ ಡೆಸ್ಕ್‌ಟಾಪ್ ಹಾಗೆಯೇ ಕಾಣುತ್ತದೆ, ಆದರೆ ವಿಳಾಸ ಬೇರೆಯಾಗಿರುತ್ತದೆ. ಫೈಲಿನ ಪಕ್ಕ ಮೋಡದ ಚಿಹ್ನೆ ಇದ್ದರೆ ಅದು ಇಂಟರ್‌ನೆಟ್‌ನಲ್ಲಿ ಮಾತ್ರ ಇದೆ ಎಂದರ್ಥ. ರೈಟ್ ಕ್ಲಿಕ್ ಮಾಡಿ 'ಆಲ್‌ವೇಸ್ ಕೀಪ್ ಆನ್ ದಿಸ್ ಡಿವೈಸ್' ಕೊಡಿ.

ಗೋಡೌನ್‌ನ ಕಂಪ್ಯೂಟರ್‌ನಲ್ಲಿರುವ ಫೋಟೋವನ್ನು ಕೌಂಟರ್‌ನ ಕಂಪ್ಯೂಟರ್‌ನಲ್ಲಿ ನೋಡುವುದಾದರೆ, ಆ ನೆಟ್‌ವರ್ಕ್ ಡ್ರೈವ್ ತೆರೆಯುತ್ತದೆಯೇ ಅಂತ ಮೊದಲು ನೋಡಿ. ಅದು ತೆರೆದರೂ ಫೋಟೋ ಬರದಿದ್ದರೆ, ಸಾಫ್ಟ್‌ವೇರನ್ನು 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಎಂದು ತೆರೆದಿದ್ದೀರಾ ಗಮನಿಸಿ. ಹಾಗೆ ತೆರೆದ ಸಾಫ್ಟ್‌ವೇರ್‌ಗೆ ಸಾಮಾನ್ಯವಾಗಿ ಈ ಡ್ರೈವ್ ಕಾಣುವುದಿಲ್ಲ.

ಜಿಪ್ ಫೈಲಿನಲ್ಲಿ ಬಂದ ಸಾಫ್ಟ್‌ವೇರನ್ನು ಜಿಪ್‌ನ ಒಳಗಿಂದಲೇ ತೆರೆದರೂ ಇದೇ ತೊಂದರೆ. ಜೊತೆಗಿರುವ ಚಿತ್ರಗಳು ಅದಕ್ಕೆ ಸಿಗುವುದಿಲ್ಲ. ಮೊದಲು ಎಕ್ಸ್‌ಟ್ರಾಕ್ಟ್ ಮಾಡಿ.

ಫಾರ್ಮ್ಯಾಟ್ ಹೊಂದದಿದ್ದಾಗ

ಗಲ್ಫ್‌ನಲ್ಲಿರುವ ಅಣ್ಣ ಐಫೋನ್‌ನಲ್ಲಿ ಹೊಸ ಮಾಲಿನ ಫೋಟೋ ತೆಗೆದು ಕಳಿಸ್ತಾರೆ, ಊರಿನ ಅಂಗಡಿಯಲ್ಲಿ ಅದು ತೆರೆಯುವುದಿಲ್ಲ. ಕಾರಣ, 2017ರಿಂದ ಐಫೋನ್‌ಗಳಲ್ಲಿ ಎಚ್‌ಇಐಸಿ ಎಂಬ ಫಾರ್ಮ್ಯಾಟ್ ಬಂದಿದೆ. ಐಫೋನ್ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರಲ್ಲಿ ಫಾರ್ಮ್ಯಾಟ್ಸ್, ಅದರಲ್ಲಿ 'ಮೋಸ್ಟ್ ಕಂಪ್ಯಾಟಿಬಲ್' ಕೊಟ್ಟರೆ ಮುಂದಿನ ಫೋಟೋಗಳು ಜೆಪಿಜಿಯಲ್ಲಿ ಬರುತ್ತವೆ. ಇಂಟರ್‌ನೆಟ್‌ನಿಂದ ಇಳಿಸಿದ ಚಿತ್ರಗಳು ವೆಬ್‌ಪಿ ಆಗಿರಬಹುದು. ಇದು ಗೂಗಲ್ 2010ರಲ್ಲಿ ತಂದದ್ದು, ಹಳೇ ಸಾಫ್ಟ್‌ವೇರ್‌ಗಳಿಗೆ ಅರ್ಥವಾಗುವುದಿಲ್ಲ.

1998ರಲ್ಲಿ ಬಂದ ವಿಷುವಲ್ ಬೇಸಿಕ್ 6ರಲ್ಲಿ ಮಾಡಿದ ಸಾಫ್ಟ್‌ವೇರ್‌ಗಳು ಈಗಲೂ ಬಳಕೆಯಲ್ಲಿವೆ. ಅದರ ಲೋಡ್‌ಪಿಕ್ಚರ್ ಎಂಬ ಕಮಾಂಡ್ ಪಿಎನ್‌ಜಿಯನ್ನು ಓದುವುದಿಲ್ಲ, 481 ನಂಬರಿನ ಎರರ್ ಕೊಡುತ್ತದೆ. 53 ಬಂದರೆ ಫೈಲ್ ಸಿಗಲಿಲ್ಲ, 76 ಬಂದರೆ ಪಾತ್ ಸಿಗಲಿಲ್ಲ ಎಂದರ್ಥ. ಆದ್ದರಿಂದ ಎರರ್ ಬಂದ ಕೂಡಲೇ ಓಕೆ ಒತ್ತಬೇಡಿ, ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಫೈಲಿನ ಹೆಸರಿನ ಕೊನೆಯಲ್ಲಿ ಪಿಎನ್‌ಜಿ ಅಳಿಸಿ ಜೆಪಿಜಿ ಎಂದು ಬರೆದರೆ ಚಿತ್ರ ಬದಲಾಗುವುದಿಲ್ಲ. ಪೇಂಟ್‌ನಲ್ಲಿ ತೆರೆದು 'ಸೇವ್ ಆ್ಯಸ್' ಕೊಟ್ಟು ಜೆಪಿಜಿ ಮಾಡಬೇಕು. ವಿಂಡೋಸ್ ಈ ಕೊನೆಯ ಭಾಗವನ್ನು ಸಾಮಾನ್ಯವಾಗಿ ಅಡಗಿಸಿಡುತ್ತದೆ. ಹಾಗಾಗಿ ನಾವು ಜೆಪಿಜಿ ಎಂದು ಇನ್ನೊಮ್ಮೆ ಬರೆದರೆ ಹೆಸರಿನಲ್ಲಿ ಅದು ಎರಡು ಸಲ ಸೇರಿ ಬಿಡುತ್ತದೆ. ವ್ಯೂ ಮೆನುವಿನಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್' ಆನ್ ಮಾಡಿದರೆ ಪೂರ್ತಿ ಹೆಸರು ಕಾಣುತ್ತದೆ.

ಕನ್ನಡದಲ್ಲಿ ಹೆಸರಿಟ್ಟ ಫೈಲುಗಳು

ಇದು ನಮಗೆ ಮುಖ್ಯ. ವಿಂಡೋಸ್‌ನ ಹಳೇ ಪದ್ಧತಿಯಲ್ಲಿ ಕೆಲವು ಭಾಷೆಗಳಿಗೆ ಪ್ರತ್ಯೇಕ ಕೋಡ್ ಪೇಜ್ ಇತ್ತು. ಕನ್ನಡಕ್ಕೆ ಅದು ಇಲ್ಲ, ಕನ್ನಡಕ್ಕಿರುವುದು ಯೂನಿಕೋಡ್ ಮಾತ್ರ. ಆದ್ದರಿಂದ ಯೂನಿಕೋಡ್ ಗೊತ್ತಿಲ್ಲದ ಹಳೇ ಸಾಫ್ಟ್‌ವೇರ್‌ಗೆ 'ಅಕ್ಕಿ' ಎಂಬ ಹೆಸರಿನ ಫೋಟೋ ಕೊಟ್ಟರೆ ಅದಕ್ಕೆ ಕಾಣುವುದು ಸಾಲು ಪ್ರಶ್ನೆ ಚಿಹ್ನೆಗಳು. ಫೈಲ್ ಕಣ್ಣೆದುರೇ ಇದ್ದರೂ ಸಿಗಲಿಲ್ಲ ಎನ್ನುತ್ತದೆ. ಫೋಲ್ಡರ್‌ನ ಹೆಸರು ಕನ್ನಡದಲ್ಲಿದ್ದರೂ ಇದೇ ಕಥೆ. ಇಂತಹ ಸಾಫ್ಟ್‌ವೇರ್‌ಗಳಿಗೆ ಇಂಗ್ಲಿಷ್ ಅಕ್ಷರ ಮತ್ತು ಅಂಕಿಯ ಚಿಕ್ಕ ಹೆಸರು ಕೊಡುವುದು ಕ್ಷೇಮ. ಪೂರ್ತಿ ವಿಳಾಸ 260 ಅಕ್ಷರ ಮೀರಿದರೂ ಅನೇಕ ಸಾಫ್ಟ್‌ವೇರ್‌ಗಳು ಸೋಲುತ್ತವೆ.

ಸಾಫ್ಟ್‌ವೇರ್ ಕಲಿಯುವ ಯುವಕರಿಗೆ

- ಬರೀ ಫೈಲಿನ ಹೆಸರು ಕೊಟ್ಟರೆ ಪ್ರೋಗ್ರಾಂ ಹುಡುಕುವುದು ಚಾಲ್ತಿಯಲ್ಲಿರುವ ಫೋಲ್ಡರ್‌ನಲ್ಲಿ. ಅದು ಪ್ರೋಗ್ರಾಂ ಇರುವ ಫೋಲ್ಡರೇ ಆಗಿರಬೇಕೆಂದಿಲ್ಲ. ಪ್ರೋಗ್ರಾಂ ಇರುವ ಜಾಗದಿಂದ ಪಾತ್ ಲೆಕ್ಕ ಹಾಕಿ.
- ಪೈಥಾನ್‌ನ ಟಿಕಿಂಟರ್‌ನಲ್ಲಿ ಫೋಟೋಇಮೇಜನ್ನು ವೇರಿಯೇಬಲ್‌ನಲ್ಲಿ ಉಳಿಸಿಕೊಳ್ಳದಿದ್ದರೆ ಚಿತ್ರ ಖಾಲಿ ಆಗುತ್ತದೆ, ಎರರ್ ಕೂಡ ಬರುವುದಿಲ್ಲ.
- ಪೈಇನ್‌ಸ್ಟಾಲರ್‌ನಲ್ಲಿ ಚಿತ್ರಗಳನ್ನು ಆ್ಯಡ್-ಡೇಟಾ ಮೂಲಕ ನೀವೇ ಸೇರಿಸಬೇಕು.
- ಜಾವಾದ ಜಾರ್ ಫೈಲಿನೊಳಗೆ ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಓಡಿದ್ದು ಗಿರಾಕಿಯಲ್ಲಿ ಓಡದಿರಲು ಇದೂ ಒಂದು ಕಾರಣ.
- ಏನೂ ತಿಳಿಯದಿದ್ದರೆ ಮೈಕ್ರೋಸಾಫ್ಟ್‌ನ ಉಚಿತ ಪ್ರೋಸೆಸ್ ಮಾನಿಟರ್ ಬಳಸಿ. ಪ್ರೋಗ್ರಾಂ ಯಾವ ವಿಳಾಸದಲ್ಲಿ ಹುಡುಕಿ 'ನೇಮ್ ನಾಟ್ ಫೌಂಡ್' ಉತ್ತರ ಪಡೆಯಿತು ಎಂದು ಅದು ತೋರಿಸುತ್ತದೆ.

ಬ್ಯಾಕಪ್ ವಿಷಯ

ವಿಳಾಸ ಮಾತ್ರ ಇಟ್ಟುಕೊಳ್ಳುವ ಸಾಫ್ಟ್‌ವೇರ್‌ನ ಡೇಟಾ ಬ್ಯಾಕಪ್‌ನಲ್ಲಿ ಫೋಟೋಗಳು ಸೇರಿರಲಿಕ್ಕಿಲ್ಲ. ಪ್ರತಿದಿನ ಬ್ಯಾಕಪ್ ತೆಗೆಯುವವರೂ ಫಾರ್ಮ್ಯಾಟ್ ನಂತರ ಐಟಂ ಪಟ್ಟಿ ಪೂರ್ತಿ ವಾಪಸ್ ಪಡೆದು ಫೋಟೋ ಒಂದೂ ಇಲ್ಲದೆ ಕೂರಬೇಕಾಗಬಹುದು. ಸಾವಿರ ಐಟಂಗಳ ಫೋಟೋ ಪುನಃ ತೆಗೆಯುವುದೆಂದರೆ ವಾರಗಟ್ಟಲೆ ಕೆಲಸ. ಆದ್ದರಿಂದ ಎಲ್ಲಾ ಫೋಟೋಗಳನ್ನು ಒಂದೇ ಫೋಲ್ಡರ್‌ನಲ್ಲಿಡಿ, ಅದರ ಜಾಗ ಬದಲಾಯಿಸಬೇಡಿ, ಬೇರೊಂದು ಡಿಸ್ಕ್‌ಗೆ ಅದನ್ನೂ ಕಾಪಿ ಮಾಡಿ. ರಿಪೇರಿಗೆ ಕೊಡುವಾಗ ಆ ಫೋಲ್ಡರ್‌ನ ಪೂರ್ತಿ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ. ವಾಪಸ್ ಬಂದ ಮೇಲೆ ಫೋಟೋಗಳನ್ನು ಅದೇ ಹೆಸರಿನಲ್ಲಿ, ಅದೇ ವಿಳಾಸದಲ್ಲಿ ಇಟ್ಟರೆ ಸಾಫ್ಟ್‌ವೇರ್‌ಗೆ ಅವು ಮೊದಲಿನಂತೆ ಸಿಗುತ್ತವೆ.